ಟ್ರೇನಲ್ಲಿದ್ದ ಎರಡನೇ ಆಂಪೂಲ್

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಬಿಗಿಸಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚಬೇಕು. ನಮ್ಮ ಪಿಎಚ್‌ಸಿಗೆ ಬರುವ ಆಂಪೂಲಿನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 5 ಯೂನಿಟ್, ಹಾಗಾಗಿ ಎರಡು ಒಡೆಯುತ್ತೇವೆ. ಆ ರಾತ್ರಿ ಮಗು ಅತ್ತಿತು, ಮಾಸು ಬಿತ್ತು. ಟ್ರೇ ಎತ್ತಿಡುವಾಗ ನೋಡಿದರೆ ಖಾಲಿ ಆಂಪೂಲುಗಳಲ್ಲಿ ಒಂದು ಮೆಥರ್ಜಿನ್, ಗರ್ಭಕೋಶ ಬಿಗಿಸುವ ಇನ್ನೊಂದು ಔಷಧ.

ಎರಡನ್ನೂ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಒಂದೇ ಫ್ರಿಜ್, ಒಂದೇ ಡಬ್ಬಿ, ಎರಡೂ 1 ಮಿ.ಲೀ. ಮೆಥರ್ಜಿನ್ ರಕ್ತನಾಳವನ್ನೂ ಬಿಗಿಯುತ್ತದೆ, ಬಿಪಿ ಇರುವವರಿಗೆ ಕೊಡಬಾರದು. ಈ ತಾಯಿಗೆ ಹೆರಿಗೆಗೆ ಮೊದಲೇ 146/96 ಇತ್ತು.

ಸಿಸ್ಟರ್ ತಕ್ಷಣ ಕ್ವಾರ್ಟರ್ಸಿಗೆ ಫೋನ್ ಮಾಡಿ ಡಾಕ್ಟರಿಗೆ ನಡೆದದ್ದನ್ನು ಹೇಳಿದರು. ಬಾಯಲ್ಲಿ ಹೇಳಲು ಹಳ್ಳಿಯ ನರ್ಸ್‌ಗಳು ಅಷ್ಟಾಗಿ ಹಿಂಜರಿಯುವುದಿಲ್ಲ. ಕೈ ನಿಲ್ಲುವುದು ಬರೆಯುವಾಗ. ವರ್ಷ ವರ್ಷ ನವೀಕರಿಸುವ ಗುತ್ತಿಗೆ ಕೆಲಸ. ಬರೆದದ್ದು ಮೆಮೊ ಆಗಿ ತಿರುಗಿ ಬರುತ್ತದೆಂಬ ಭಯ ಸುಳ್ಳಲ್ಲ.

15 ನಿಮಿಷಕ್ಕೊಮ್ಮೆ ಬಿಪಿ ನೋಡಿದೆವು. ಮೂರನೇ ಸಲ 164/110, ಜೊತೆಗೆ ತಲೆನೋವು. ಡಾಕ್ಟರು ಬಿಪಿ ಇಳಿಸುವ ನಿಫೆಡಿಪಿನ್ 10 ಮಿ.ಗ್ರಾಂ ನುಂಗಿಸಿ 108 ಕರೆಸಿದರು. ರೆಫರಲ್ ಚೀಟಿಯಲ್ಲಿ ‘ಹೆರಿಗೆಯ ನಂತರ ಬಿಪಿ ಏರಿದೆ’ ಎಂದಷ್ಟೇ ಬರೆದರೆ ಅದು ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಏರಿದ್ದು ಸೂಜಿಯಿಂದಲೂ ಇರಬಹುದು, ಆಕ್ಸಿಟೋಸಿನ್ ಅರ್ಧವೇ ಹೋಗಿರುವುದರಿಂದ ರಕ್ತಸ್ರಾವದ ಮೇಲೆ ಕಣ್ಣಿಡಬೇಕು ಎಂಬ ಎರಡೂ ಸಂಗತಿ ತಾಲ್ಲೂಕು ಆಸ್ಪತ್ರೆಗೆ ತಲುಪುತ್ತಿರಲಿಲ್ಲ. ಸಿಸ್ಟರ್ ಬರೆದರು: ‘ಆಕ್ಸಿಟೋಸಿನ್ 5 ಯೂನಿಟ್, ತಪ್ಪಾಗಿ ಮೆಥರ್ಜಿನ್ 0.2 ಮಿ.ಗ್ರಾಂ; ಸಮಯ 2.10.’

ಬಾಣಂತಿಗೂ ಅವಳ ಅತ್ತೆಗೂ ಸಿಸ್ಟರ್ ಹೇಳಿದ್ದು ಆಂಬುಲೆನ್ಸ್ ಬರುವ ಮೊದಲೇ. “ಅಮ್ಮಾ, ಒಂದು ಇಂಜೆಕ್ಷನ್ ಬದಲಾಯ್ತು, ನನ್ನಿಂದಲೇ. ಅದರಿಂದ ಬಿಪಿ ಏರ್ಬಹುದು, ಅದಕ್ಕೇ ಕಳಿಸ್ತಿದೀವಿ.” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗೀಗೆ ಹಾಲು ಕುಡಿಸ್ಬೋದಾ ಸಿಸ್ಟರ್?” ಎಂದರು. ಮೆಥರ್ಜಿನ್ ಕೊಟ್ಟ ಮೇಲೆ 12 ಗಂಟೆ ಹಾಲುಣಿಸಬಾರದೆಂದು ಔಷಧದ ಮಾಹಿತಿ ಚೀಟಿಯಲ್ಲಿದೆ. ಆ ಪ್ರಶ್ನೆಯೂ ರೆಫರಲ್ ಚೀಟಿಗೆ ಸೇರಿತು.

ಈಗ ಮೆಥರ್ಜಿನ್‌ಗೆ ಕೆಂಪು ಟೇಪಿನ ಬೇರೆ ಡಬ್ಬಿ, ಫ್ರಿಜ್ಜಿನ ಬೇರೆ ತಟ್ಟೆ. ಕೇಸ್ ಶೀಟಿನಲ್ಲಿ ಬರೆಯುವ ತನಕ ಖಾಲಿ ಆಂಪೂಲ್ ಎಸೆಯುವಂತಿಲ್ಲ. ಲೇಬಲ್ಲನ್ನು ಇನ್ನೊಬ್ಬರಿಗೆ ತೋರಿಸಿ ಒಡೆಯಿರಿ ಎಂಬ ನಿಯಮ ಮಾತ್ರ ರಾತ್ರಿ ಪಾಳಿಯಲ್ಲಿ ನಡೆಯುವುದಿಲ್ಲ. ಆಗ ಇರುವ ಇನ್ನೊಬ್ಬರು ಆಯಾ, ಲೇಬಲ್ ಇಂಗ್ಲಿಷಿನಲ್ಲಿ. ಔಷಧದ ದುಷ್ಪರಿಣಾಮ ವರದಿಯ ನಮೂನೆಯಲ್ಲಿ ಗುರುತು ಗೋಪ್ಯ, ಇದು ತಪ್ಪೊಪ್ಪಿಗೆಯಲ್ಲ ಎಂದು ಅಚ್ಚಾಗಿದೆ. ಒಬ್ಬರೇ ನರ್ಸ್ ಇದ್ದ ರಾತ್ರಿಯ ದಿನಾಂಕ ಬರೆದ ಮೇಲೆ ಗುರುತು ಎಲ್ಲಿ ಮುಚ್ಚಿತು? ಸಿಸ್ಟರ್ ಅದನ್ನೂ ತುಂಬಿ ಕಳಿಸಿದರು.