ಲಕ್ಷುರಿ ಕಾರಿಗೆ ಸ್ಪೋರ್ಟಿ ಸದ್ದು: ಎಲ್ಲಿ ಕತ್ತರಿಸಬೇಕು, ಎಲ್ಲಿ ಕೈ ಇಡಬಾರದು

ಪೆಟ್ರೋಲ್ ಎಂಜಿನ್ನಿನ ದುಬಾರಿ ಸೆಡಾನ್ ಕೊಂಡವರು ಕೆಲವೇ ತಿಂಗಳಲ್ಲಿ ಕೇಳುವ ಮಾತೊಂದಿದೆ: ಎಂಜಿನ್ ಇಷ್ಟು ಚೆನ್ನಾಗಿದೆ, ಸದ್ದು ಮಾತ್ರ ಯಾಕೆ ಇಷ್ಟು ಸಪ್ಪೆ? ಸಿಗುವ ಸಲಹೆಯೂ ಹೆಚ್ಚಾಗಿ ಒಂದೇ. ಹಿಂದಿನ ಮಫ್ಲರ್ (ಸದ್ದು ತಗ್ಗಿಸುವ ಡಬ್ಬಿ) ಕತ್ತರಿಸಿ ನೇರ ಪೈಪ್ ಬೆಸೆದುಬಿಡಿ, ಅರ್ಧ ದಿನದ ಕೆಲಸ. ಹಾಗೆ ಮಾಡಿಸಿದ ಕಾರು ಮೈಸೂರಿನ ರಿಂಗ್ ರೋಡಿನಲ್ಲಿ ಒಂದು ವಾರ ಖುಷಿ ಕೊಡುತ್ತದೆ. ಬೆಂಗಳೂರು ದಾರಿ ಹಿಡಿದ ದಿನ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಕ್ಯಾಬಿನ್ ತುಂಬ ಒಂದೇ ಶ್ರುತಿಯ ಗುಂಯ್‌ಗುಡುವ ಸದ್ದು ಶುರುವಾಗುತ್ತದೆ; ಮದ್ದೂರು ದಾಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಇದಕ್ಕೆ ಡ್ರೋನ್ ಅನ್ನುತ್ತಾರೆ. ಎಕ್ಸಾಸ್ಟ್ (ಹೊಗೆ ಕೊಳವೆ) ಕೆಲಸ ಚೆನ್ನಾಗಿ ಆಗಿದೆಯೋ ಕೆಟ್ಟಿದೆಯೋ ಅಂತ ಗೊತ್ತಾಗುವುದು ಇದರಿಂದಲೇ.

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಹಿಂದಕ್ಕೆ ಸಾಲಾಗಿ ನೋಡಿದರೆ ಡೌನ್‌ಪೈಪ್, ಅದರೊಳಗೇ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಕೆಲವು ಕಾರುಗಳಲ್ಲಿ ಅದರ ನಂತರ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್, ಆಮೇಲೆ ನಡುವಿನ ಮಿಡ್ ಪೈಪಿನಲ್ಲಿ ಕೆಲವು ಸ್ವರಗಳನ್ನು ತಗ್ಗಿಸುವ ರೆಸೊನೇಟರ್, ಕೊನೆಗೆ ಹಿಂದಿನ ಮಫ್ಲರ್ ಮತ್ತು ಹೊರಗೆ ಕಾಣುವ ತುದಿಗಳು, ಅಂದರೆ ಟಿಪ್‌ಗಳು. ಕ್ಯಾಟ್ ಮತ್ತು ಫಿಲ್ಟರಿಗೆ ಕೈ ಹಾಕಲೇಬಾರದು. ಕ್ಯಾಟ್‌ನ ಹಿಂದೊಂದು ಮುಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಕ್ಯಾಟ್ ತೆಗೆದರೆ ಎರಡರ ಸಿಗ್ನಲ್ಲೂ ಒಂದೇ ತರಹ ಕುಣಿಯತೊಡಗಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಹಾಕಿ ಚೆಕ್ ಎಂಜಿನ್ ದೀಪ ಹೊತ್ತಿಸುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟರೂ ಹೊಗೆಯ ಬಿಎಸ್6 ಮಿತಿ ಮುರಿದಿರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಹಸಿ ಪೆಟ್ರೋಲ್ ವಾಸನೆ ಒಳಗೆ ಬರುತ್ತದೆ. ಇಷ್ಟಾದರೂ ಬರುವ ಸದ್ದು ತಗಡು ಹರಿದ ಹಾಗೆ ಕರ್ಕಶ. ಕೆಲಸವೆಲ್ಲ ಕ್ಯಾಟ್‌ನಿಂದ ಹಿಂದಕ್ಕೆ ಇರಲಿ. ಡೀಸೆಲ್ ಕಾರಾದರೆ ಈ ಆಸೆಯನ್ನೇ ಬಿಡಿ. ಟರ್ಬೊ ಮತ್ತು ಡಿಪಿಎಫ್ (ಡೀಸೆಲ್ ಮಸಿಯ ಫಿಲ್ಟರ್) ದಾಟಿ ಬರುವಷ್ಟರಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ.

ಕತ್ತರಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ಒಳಗೆ ಕೂತು ಕೇಳುವ ಗರ್ಜನೆಯಲ್ಲಿ ಎಷ್ಟು ಪಾಲು ಸ್ಪೀಕರಿನದು? ಈಗಿನ ಹಲವು ಕಾರುಗಳು ಎಂಜಿನ್ ಸದ್ದನ್ನು ಆಡಿಯೊ ಸಿಸ್ಟಂ ಮೂಲಕ ಬೆರೆಸುತ್ತವೆ. ಕಿಟಕಿ ಇಳಿಸಿ, ಗೋಡೆ ಪಕ್ಕದಲ್ಲಿ ನಿಧಾನ ಓಡಿಸಿದರೆ ನಿಜವಾದ ಸದ್ದು ಕಿವಿಗೆ ಬೀಳುತ್ತದೆ. ಎರಡು, ಮಫ್ಲರ್‌ನಲ್ಲಿ ಫ್ಲ್ಯಾಪ್, ಅಂದರೆ ತೆರೆದು ಮುಚ್ಚುವ ಪುಟ್ಟ ಕದ, ಇದೆಯೇ? ಇದ್ದರೆ ಸ್ಪೋರ್ಟ್ ಮೋಡ್‌ನಲ್ಲಿ ಅದು ತೆರೆಯುತ್ತದೆ. ಎಷ್ಟೋ ಜನಕ್ಕೆ ಬೇಕಿರುವುದು ಅಷ್ಟೇ. ಫ್ಲ್ಯಾಪ್ ತೆರೆದಿರಲಿ ಅಂತ ಅದನ್ನು ಆಡಿಸುವ ಮೋಟಾರಿನ ಕನೆಕ್ಟರ್ ಕಿತ್ತುಹಾಕುವ ಚಾಳಿ ಇದೆ. ಕೆಲವು ಕಾರುಗಳಲ್ಲಿ ಅದು ಫಾಲ್ಟ್ ಕೋಡ್ ತರುತ್ತದೆ, ಕಿತ್ತ ಕನೆಕ್ಟರಿಗೆ ಮಳೆನೀರು ಹೊಕ್ಕು ಪಿನ್ ಹಸಿರುಗಟ್ಟುತ್ತದೆ. ಹೊಸ ಮಫ್ಲರ್ ಹಾಕುವಾಗ ಹಳೆಯದರ ಫ್ಲ್ಯಾಪ್ ಮೋಟಾರನ್ನು ಹೊಸದಕ್ಕೆ ವರ್ಗಾಯಿಸುವುದೇ ಸರಿ. ಹೆದ್ದಾರಿಯಲ್ಲಿ ಮುಚ್ಚಿಕೊಳ್ಳುವ ಫ್ಲ್ಯಾಪ್‌ಗಿಂತ ಒಳ್ಳೆಯ ಡ್ರೋನ್ ಮದ್ದು ಇನ್ನೊಂದಿಲ್ಲ.

ಫ್ಲ್ಯಾಪ್ ಇಲ್ಲದ ಕಾರಿಗೆ ಲೆಕ್ಕ ಹಾಕಬೇಕು. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ಒಂದು ಸುತ್ತು ಸುತ್ತುವಾಗ ಅರ್ಧದಷ್ಟು ಸಿಲಿಂಡರುಗಳು ಉರಿಯುತ್ತವೆ. ಆರು ಸಿಲಿಂಡರಿಗೆ ಸುತ್ತಿಗೆ ಮೂರು ಬಡಿತ, ನಾಲ್ಕಕ್ಕೆ ಎರಡು. ಎಂಟು ಗೇರಿನ ಆಟೊಮ್ಯಾಟಿಕ್ ಕಾರು 100 ಕಿ.ಮೀ. ವೇಗದಲ್ಲಿ 1,700 ಆರ್‌ಪಿಎಂ ಆಸುಪಾಸಿನಲ್ಲಿ ಓಡುತ್ತಿದೆ ಅಂದುಕೊಳ್ಳಿ. 1,700ನ್ನು 60ರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 85 ಹರ್ಟ್ಜ್. ನಾಲ್ಕು ಸಿಲಿಂಡರಾದರೆ ಸುಮಾರು 57. ಆ ಒಂದು ಸ್ವರಕ್ಕೆ ಕ್ಯಾಬಿನ್ ಅನುರಣಿಸಿದಾಗ ಡ್ರೋನ್ ಹುಟ್ಟುತ್ತದೆ. ಆ ಒಂದು ಸ್ವರವನ್ನಷ್ಟೇ ಕೊಂದರೆ ಉಳಿದ ನಾದ ಹಾಗೇ ಉಳಿಯುತ್ತದೆ.

ಕೊಲ್ಲುವ ಸಾಧನ ಜೆ-ಪೈಪ್: ಮುಖ್ಯ ಪೈಪಿನಿಂದ ಕವಲೊಡೆದ, ತುದಿ ಮುಚ್ಚಿದ ಕೊಳವೆ. ಅಲೆ ಒಳಹೋಗಿ ಮರಳಿ ಬರುವಾಗ ತನ್ನ ಹಿಂದೆ ಬಂದ ಅಲೆಗೆ ಎದುರಾಗಿ ಎರಡೂ ಅಳಿಯುತ್ತವೆ. ಅದರ ಉದ್ದ ಆ ಸ್ವರದ ತರಂಗಾಂತರದ ಕಾಲು ಭಾಗ. ತಪ್ಪಾಗುವುದು ಶಬ್ದದ ವೇಗದಲ್ಲಿ. ಮುಖ್ಯ ಪೈಪಿನ ಅನಿಲ 300 ಡಿಗ್ರಿ ಇದ್ದರೆ ಅಲ್ಲಿ ಶಬ್ದ ಸೆಕೆಂಡಿಗೆ ಸುಮಾರು 480 ಮೀಟರ್ ಓಡುತ್ತದೆ. ಮುಚ್ಚಿದ ಕವಲಿನಲ್ಲಿ ಹರಿವಿಲ್ಲ, ಅನಿಲ ತಣ್ಣಗಾಗುತ್ತದೆ. ಅಲ್ಲಿ 400 ಹಿಡಿಯುವುದು ವಾಸ್ತವಕ್ಕೆ ಹತ್ತಿರ. 400ನ್ನು 85ರ ನಾಲ್ಕರಷ್ಟರಿಂದ ಭಾಗಿಸಿದರೆ 118 ಸೆಂ.ಮೀ. ಕಾರಿನಡಿ ಮಡಚಿ ಕೂರಿಸಬಹುದು. ನಾಲ್ಕು ಸಿಲಿಂಡರಿನ 57 ಹರ್ಟ್ಜ್‌ಗೆ 175 ಸೆಂ.ಮೀ. ಬೇಕು, ಅಷ್ಟು ಜಾಗ ಹೆಚ್ಚಿನ ಸೆಡಾನ್ ಅಡಿಯಲ್ಲಿ ಸಿಗದು. ಅಲ್ಲಿ ಹೆಲ್ಮ್‌ಹೋಲ್ಟ್ಸ್ ಡಬ್ಬಿಯೇ ಗತಿ: ಖಾಲಿ ಬಾಟಲಿಯ ಬಾಯಿಗೆ ಊದಿದಂತೆ, ಕುತ್ತಿಗೆಯ ಉದ್ದ ಮತ್ತು ಡಬ್ಬಿಯ ಗಾತ್ರ ಸೇರಿ ಒಂದು ಸ್ವರಕ್ಕೆ ಸ್ಪಂದಿಸುತ್ತವೆ.

ಲೆಕ್ಕದ ಉದ್ದವನ್ನೇ ನಂಬಿ ಬೆಸೆದುಬಿಡಬೇಡಿ. ಪಕ್ಕದಲ್ಲಿ ಕೂತವರು ಫೋನಿನ ಸ್ಪೆಕ್ಟ್ರಮ್ ಆ್ಯಪ್ ಹಿಡಿದಿರಲಿ. ಸಪಾಟು ರಸ್ತೆಯಲ್ಲಿ ವೇಗ ಸ್ಥಿರವಾಗಿಟ್ಟು ಯಾವ ಹರ್ಟ್ಜ್‌ನಲ್ಲಿ ಶಿಖರ ಏಳುತ್ತದೆ ಅಂತ ನೋಡಿ. ಕವಲಿನ ತುದಿಯಲ್ಲಿ ಒಂದರೊಳಗೊಂದು ಜಾರುವ ಪೈಪ್ ಇಟ್ಟು ಕ್ಲ್ಯಾಂಪ್ ಹಾಕಿ, ಎರಡು ಮೂರು ಸೆಂ.ಮೀ. ಸರಿಸುತ್ತಾ ಪರೀಕ್ಷಿಸಿ, ಡ್ರೋನ್ ಕುಗ್ಗಿದ ಜಾಗದಲ್ಲಿ ಬೆಸೆಯಿರಿ. ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ. ಟಿಪ್‌ಗೆ ತೀರಾ ಹತ್ತಿರ ಕವಲು ಕೊಟ್ಟರೆ ಉಪಯೋಗವಿಲ್ಲ, ತೆರೆದ ತುದಿಯ ಬಳಿ ಒತ್ತಡದ ಅಲೆಯೇ ದುರ್ಬಲ.

ದುಡ್ಡು ಹಾಕುವ ಮೊದಲು ಕಾನೂನು ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ನಂತರ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2) ಅಡಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ; ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಒಂಬತ್ತು ಸೀಟಿನೊಳಗಿನ ಕಾರಿಗೆ ತಯಾರಿಕೆ ಹಂತದ ಮಿತಿ 74 ಡೆಸಿಬೆಲ್. ಅದು ಕಾರು ಹಾದುಹೋಗುವಾಗ ಏಳೂವರೆ ಮೀಟರ್ ದೂರದಿಂದ ಅಳೆದದ್ದು. ನಿಂತ ಕಾರಿನ ಟಿಪ್ಪಿನಿಂದ 50 ಸೆಂ.ಮೀ. ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಅಳೆಯುವುದು ಬೇರೆಯೇ ಪರೀಕ್ಷೆ; ಎರಡರ ಅಂಕಿಗಳನ್ನು ಹೋಲಿಸಬಾರದು. ತಯಾರಕರೇ ನಿಮ್ಮ ಮಾದರಿಗೆ ಕೊಡುವ ಸ್ಪೋರ್ಟ್ ಎಕ್ಸಾಸ್ಟ್ ಇದ್ದು, ಅದಕ್ಕೆ ಇಲ್ಲಿನ ಅನುಮೋದನೆಯ ಕಾಗದವೂ ಇದ್ದರೆ ದುಬಾರಿಯಾದರೂ ಅದನ್ನೇ ಕೊಳ್ಳಿ. ಹೊರಗೆ ಕಟ್ಟಿಸಿದ ಜೋರು ಸಿಸ್ಟಂ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಮಾತ್ರ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಮಲಗಿರುವವರ ಮೇಲೆ ನಮ್ಮ ಹವ್ಯಾಸ ಹೇರುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಈಗ ಸಾಮಾನು. ಪೈಪ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ದಪ್ಪ 1.5 ಮಿ.ಮೀ. ಇದಕ್ಕಿಂತ ತೆಳುವಾದರೆ ಗೋಡೆಯೇ ಕಂಪಿಸಿ ತಗಡಿನ ಸದ್ದು ಬರುತ್ತದೆ. ಆರು ಸಿಲಿಂಡರಿನ ಟರ್ಬೊ ಕಾರಿಗೆ ಒಂದೇ ಪೈಪಾದರೆ ಮೂರಿಂಚು, ಎರಡು ಲೀಟರಿನ ನಾಲ್ಕು ಸಿಲಿಂಡರಿಗೆ ಎರಡೂವರೆ ಸಾಕು. 304 ಅಂತ ಹೇಳಿ 201 ಕೊಡುವುದು ಈ ಪೇಟೆಯ ಹಳೇ ಮೋಸ. 201ರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಎರಡು ಮಳೆಗಾಲಕ್ಕೆ ಕಂದು ಕಲೆ ಹಬ್ಬುತ್ತದೆ. ಅಯಸ್ಕಾಂತ ಎರಡಕ್ಕೂ ಅಂಟದ ಕಾರಣ ಅದನ್ನು ನೆಚ್ಚಬೇಡಿ. 9 ವೋಲ್ಟ್ ಬ್ಯಾಟರಿ ಜೊತೆ ಮಾರುವ ಪರೀಕ್ಷಾ ದ್ರವದ ಒಂದು ತೊಟ್ಟು ಹಾಕಿದರೆ 201 ಕೆಂಪಾಗುತ್ತದೆ. ಮಫ್ಲರ್ ನೇರ-ತೂತಿನ ಮಾದರಿಯದಾದರೆ ಒಳಗಿನ ತುಂಬುವಿಕೆ ಏನು ಅಂತ ಕೇಳಿ. ಬರೀ ಗಾಜಿನ ಉಣ್ಣೆ ಸುರಿದದ್ದು ಕಾಲಕ್ರಮದಲ್ಲಿ ಪುಡಿಯಾಗಿ ಹಾರಿಹೋಗಿ ಸದ್ದು ಒರಟಾಗುತ್ತದೆ. ರಂಧ್ರದ ಕೊಳವೆಗೆ ಮೊದಲು ಸ್ಟೇನ್‌ಲೆಸ್ ಉಣ್ಣೆ ಸುತ್ತಿ ಮೇಲೆ ಬಸಾಲ್ಟ್ ನಾರು ತುಂಬಿದ್ದು ಬಾಳುತ್ತದೆ.

ಬಾಗು ತಿರುವುಗಳನ್ನು ಪ್ರೆಸ್ಸಿನಲ್ಲಿ ಬಗ್ಗಿಸಿದರೆ ಒಳಮೈ ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ. ಒಳಗೆ ಅಚ್ಚು ಇಟ್ಟು ಬಗ್ಗಿಸಿದ ಸಿದ್ಧ ಮ್ಯಾಂಡ್ರೆಲ್ ಬೆಂಡ್‌ಗಳನ್ನು ತರಿಸಿ ಕತ್ತರಿಸಿ ಜೋಡಿಸಿ. ಬೆಸುಗೆ ಟಿಗ್‌ನಲ್ಲೇ (ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ) ಆಗಬೇಕು. ಪೈಪಿನೊಳಗೂ ಆರ್ಗಾನ್ ಹರಿಸದಿದ್ದರೆ ಬೆಸುಗೆಯ ಒಳಮೈ ಕರಿಗಟ್ಟಿ ಸಕ್ಕರೆ ಹರಳಿನಂತೆ ಉಬ್ಬುತ್ತದೆ, ಬಿರುಕು ಅಲ್ಲಿಂದಲೇ ಶುರು. 304ಕ್ಕೆ 304 ಬೆಸೆಯುವುದಾದರೆ 308ಎಲ್ ಬೆಸುಗೆ ಕಡ್ಡಿ. ಕಾರಿನ ಮೂಲ ಪೈಪು 409 ದರ್ಜೆಯದ್ದಾಗಿದ್ದರೆ, ಅಂದರೆ ಅಯಸ್ಕಾಂತ ಅಂಟಿದರೆ, 309ಎಲ್. ಇಂಥ ಕೈ ಹುಡುಕುವವರು ಕಾರ್ ಆಕ್ಸೆಸರಿ ಅಂಗಡಿ ಬಿಟ್ಟು ಡೇರಿ ಪೈಪ್‌ಲೈನ್ ಕೆಲಸ ಮಾಡುವ ವೆಲ್ಡರುಗಳನ್ನು ಕೇಳಿ ನೋಡಿ. ಹಾಲು ಹರಿಯುವ ಪೈಪಿನ ಒಳಮೈ ನುಣುಪಾಗಿರಲೇಬೇಕು, ಒಳಗೆ ಗ್ಯಾಸ್ ಹರಿಸಿ ಬೆಸೆಯುವುದು ಅವರಿಗೆ ದಿನನಿತ್ಯದ ಕೆಲಸ. ಮೈಸೂರು, ಮಂಡ್ಯ ಸುತ್ತ ಅಂಥವರಿಗೆ ಕೊರತೆಯಿಲ್ಲ.

ಕಾರಿನ ಮೇಲೆ ಪೂರ್ತಿ ಬೆಸೆಯಬೇಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ಥಿಂಗ್ ಕ್ಲ್ಯಾಂಪನ್ನು ಬೆಸೆಯುವ ಪೈಪಿಗೇ ಹಾಕಿ, ಎಲ್ಲ ಹ್ಯಾಂಗರ್‌ಗಳಲ್ಲಿ ತೂಗುಹಾಕಿ ಟಿಪ್ ಸರಿಹೊಂದಿಸಿದ ಮೇಲೆ ಮೂರು ನಾಲ್ಕು ಕಡೆ ಚುಕ್ಕೆ ಬೆಸುಗೆ ಮಾತ್ರ. ಇಳಿಸಿ ಮೇಜಿನ ಮೇಲೆ ಮುಗಿಸಿ. ಎದುರುಬದುರು ಬದಿಗಳಲ್ಲಿ ತುಸುತುಸು ಬೆಸೆಯುತ್ತಾ ಹೋಗದಿದ್ದರೆ ಲೋಹ ಎಳೆದು ಟಿಪ್ ಓರೆಯಾಗುತ್ತದೆ.

304 ಕಾದಾಗ ಚೆನ್ನಾಗಿಯೇ ಹಿಗ್ಗುತ್ತದೆ: ಎರಡು ಮೀಟರ್ ಪೈಪು 300 ಡಿಗ್ರಿ ಏರಿದರೆ ಸುಮಾರು 10 ಮಿ.ಮೀ. ತಣ್ಣಗಿದ್ದಾಗ ಚಂದ ಕಾಣಲಿ ಅಂತ ಟಿಪ್ಪನ್ನು ಬಂಪರಿಗೆ ಒತ್ತಿ ಕೂರಿಸಿದರೆ ಬಿಸಿಯಾದಾಗ ತಾಗಿ ಪ್ಲಾಸ್ಟಿಕ್ ಕರಗುತ್ತದೆ, 15 ಮಿ.ಮೀ. ಬಿಡಿ. ಹ್ಯಾಂಗರ್ ರಬ್ಬರ್ ಮೂಲದ್ದೇ ಹೊಸದಾಗಿ ಹಾಕಿ, ಪಾಲಿಯುರೆಥೇನ್ ಕಂಪನವನ್ನು ನೇರ ಬಾಡಿಗೆ ದಾಟಿಸುತ್ತದೆ. ಬಿಚ್ಚಿದ ಹೀಟ್ ಶೀಲ್ಡ್ (ಶಾಖ ತಡೆಯುವ ತಗಡು), ಅಡಿಯ ಬಲಪಟ್ಟಿ ಎಲ್ಲವನ್ನೂ ಮರಳಿ ಹಾಕಿ. ಪೈಪಿನ ಅತಿ ಕೆಳಗಿನ ಬಿಂದು ಆ ಪಟ್ಟಿಗಿಂತ ಕೆಳಗೆ ಇಳಿದಿದ್ದರೆ ಮಂಡ್ಯದ ಕಡೆಯ ಹಳ್ಳಿ ಹಂಪ್‌ಗಳೇ ಅದನ್ನು ಕಂಡುಹಿಡಿಯುತ್ತವೆ.

ಚಟಪಟ ಸಿಡಿಯುವ ಸದ್ದಿಗಾಗಿ ಇಸಿಯು ಸಾಫ್ಟ್‌ವೇರ್ ಬದಲಿಸಿ ಟ್ಯೂನ್ ಹಾಕಿಸುವವರಿಗೆ ಒಂದು ಮಾತು. ಕಿಡಿ ತಡಮಾಡಿ ಇಂಧನವನ್ನು ಪೈಪಿನಲ್ಲೇ ಉರಿಸಿದಾಗ ಆ ಸದ್ದು ಬರುತ್ತದೆ. ಆ ಶಾಖಕ್ಕೆ ಮೊದಲು ಸಿಗುವುದು ಟರ್ಬೊ, ಆಮೇಲೆ ಕ್ಯಾಟ್‌ನ ಸೆರಾಮಿಕ್ ಜಾಲರಿ. ಅದು ಕರಗಿ ದಾರಿ ಕಟ್ಟಿಕೊಂಡರೆ ಎಂಜಿನ್ ಉಸಿರುಗಟ್ಟುತ್ತದೆ, ವಾರಂಟಿಯೂ ಕೈಬಿಡುತ್ತದೆ.

ಜೋಡಿಸಿದ ಮೇಲೆ ಬ್ಲೋವರಿನಿಂದ ಟಿಪ್ ಮೂಲಕ ಗಾಳಿ ಊದಿ, ಇನ್ನೊಂದು ಟಿಪ್ ಬಟ್ಟೆಯಿಂದ ಮುಚ್ಚಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ. ಸೆನ್ಸರಿನ ಹತ್ತಿರದ ಸೋರಿಕೆ ಹೊರಗಾಳಿ ಎಳೆದು ತಪ್ಪು ಓದು ಕೊಡುತ್ತದೆ, ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೊದಲ ಸಲ ಕಾದಾಗ ಎಣ್ಣೆಯ ಜಿಡ್ಡು ಉರಿದು ಹೊಗೆ ಬರುವುದು ಸಹಜ. ಕೆಲವು ಸಲ ಕಾದು ತಣಿದ ಮೇಲೆ ಕ್ಲ್ಯಾಂಪ್‌ಗಳನ್ನೆಲ್ಲ ಮತ್ತೆ ಬಿಗಿ ಮಾಡಿ. ದಿನಾ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುವಷ್ಟೇ ಓಡಾಟವಾದರೆ ಮಫ್ಲರ್‌ನಲ್ಲಿ ನೀರು ಆರುವುದಿಲ್ಲ. ಅದರ ಅತಿ ತಗ್ಗಿನಲ್ಲಿ 3 ಮಿ.ಮೀ. ತೂತು ಇದೆಯೇ ನೋಡಿ. ತೆಗೆದ ಮೂಲ ಮಫ್ಲರನ್ನು ಗುಜರಿಗೆ ಹಾಕಬೇಡಿ. ನೀರು ಬಸಿದು, ಬಾಯಿಗಳಿಗೆ ಬಟ್ಟೆ ತುರುಕಿ, ಬೋಲ್ಟು ಹ್ಯಾಂಗರುಗಳ ಸಮೇತ ಒಣಜಾಗದಲ್ಲಿ ಎತ್ತಿಡಿ. ಟ್ರ್ಯಾಕ್‌ನಿಂದ ಮರಳಿದ ಕಾರು ರಸ್ತೆಗಿಳಿಯಬೇಕಾದದ್ದು ಅದನ್ನೇ ತೊಟ್ಟು.