ಪಕ್ಷ ಬಿಡದೆ ಗರ್ಭಪಾತದ ಹಕ್ಕು ಕೇಳುವವರು ಸೋಲುವುದೆಲ್ಲಿ?

ಅಮೆರಿಕದ ರಿಪಬ್ಲಿಕನ್ ಪಕ್ಷ ಮೊದಲಿನಿಂದಲೂ ಗರ್ಭಪಾತಕ್ಕೆ ವಿರುದ್ಧ ಎಂದುಕೊಂಡವರೇ ಹೆಚ್ಚು. ಆದರೆ 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗರ್ಭಪಾತದ ಕಾನೂನನ್ನು ಸಡಿಲಿಸುವ ಮಸೂದೆಗೆ ಸಹಿ ಹಾಕಿದ್ದು ಅದೇ ಪಕ್ಷದ ಗವರ್ನರ್ ರೊನಾಲ್ಡ್ ರೇಗನ್. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂಥದೇ ಮಸೂದೆಗೆ ಸಹಿ ಹಾಕಿದ ರಿಪಬ್ಲಿಕನ್ ಗವರ್ನರ್ ನೆಲ್ಸನ್ ರಾಕ್‌ಫೆಲರ್, ಎರಡು ವರ್ಷದ ಮೇಲೆ ಅದನ್ನು ರದ್ದು ಮಾಡುವ ಮಸೂದೆ ಬಂದಾಗ ವೀಟೋ ಮಾಡಿದರು. ಗರ್ಭಪಾತವನ್ನು ದೇಶದಾದ್ಯಂತ ಸಾಂವಿಧಾನಿಕ ಹಕ್ಕಾಗಿಸಿದ ಸುಪ್ರೀಂ ಕೋರ್ಟಿನ 1973ರ 'ರೋ ವರ್ಸಸ್ ವೇಡ್' ತೀರ್ಪಿನ ಪರ ನಿಂತ 7 ನ್ಯಾಯಮೂರ್ತಿಗಳಲ್ಲಿ 5 ಮಂದಿ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಹಾಗಾಗಿ ಹಕ್ಕಿನ ಪರ ಇರುವ ರಿಪಬ್ಲಿಕನ್ನರ ವಾದ ಎರವಲು ತಂದದ್ದಲ್ಲ. ತೆರಿಗೆಯಲ್ಲಿ, ಬಂದೂಕಿನಲ್ಲಿ ಸರ್ಕಾರ ಮೂಗು ತೂರಿಸಬಾರದು ಅನ್ನುವವರು ಡಾಕ್ಟರರ ಕೋಣೆಗೆ ಮಾತ್ರ ಅದನ್ನು ಏಕೆ ಕರೆಯುತ್ತೀರಿ ಎಂಬುದು ಅವರ ಪ್ರಶ್ನೆ.

ವಾದ ಗಟ್ಟಿಯಿದ್ದರೂ ನಿಯಮಗಳು ಕೈಕೊಡುತ್ತವೆ. ಪಕ್ಷದ ಪ್ರಣಾಳಿಕೆ ಬರೆಯುವ ಸಮಿತಿಗೆ ಪ್ರತಿ ರಾಜ್ಯದಿಂದ ಒಬ್ಬ ಪುರುಷ, ಒಬ್ಬ ಮಹಿಳೆ. ಗರ್ಭಪಾತದ ಬಗೆಗಿನ ಎರಡು ಸಾಲು ತಿದ್ದಬೇಕೆಂದರೂ ಅಲ್ಲಿ ಬಹುಮತ ಬೇಕು. ಸೋತರೆ, ಭಿನ್ನಮತದ ವರದಿಯನ್ನು ಪಕ್ಷದ ರಾಷ್ಟ್ರೀಯ ಸಮಾವೇಶದ ಮುಂದೆ ತರಲು ಸಮಿತಿಯ ಶೇ. 25ರಷ್ಟು ಸದಸ್ಯರ ಬೆಂಬಲ ಬೇಕು. ಸಮಿತಿಗೆ ಬರುವವರು ರಾಜ್ಯ ಘಟಕಗಳಲ್ಲಿ ವರ್ಷಗಟ್ಟಲೆ ದುಡಿದವರು. ಗರ್ಭಪಾತ ವಿರೋಧಿ ಸಂಘಟನೆಗಳು ಬೇರೂರಿರುವುದೂ ಅಲ್ಲೇ. ಸಮಾವೇಶದ ವಾರದಲ್ಲಿ ಎಚ್ಚೆತ್ತರೆ ಏನೂ ಸಾಗದು, ಜಿಲ್ಲಾ ಸಭೆಗಳಲ್ಲೇ ಪ್ರತಿನಿಧಿಗಳನ್ನು ಗೆಲ್ಲಿಸಿಕೊಂಡಿರಬೇಕು. 1996ರಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಬಾಬ್ ಡೋಲ್ ಅವರೇ ಈ ವಿಷಯದಲ್ಲಿ ಸಹಿಷ್ಣುತೆಯ ಒಂದು ಮಾತು ಸೇರಲಿ ಎಂದು ಬಯಸಿದ್ದರು. ಕೊನೆಗೆ ದಕ್ಕಿದ್ದು, ಬಿದ್ದುಹೋದ ತಿದ್ದುಪಡಿಗಳಿಗೆ ಪ್ರಣಾಳಿಕೆಯ ಅನುಬಂಧದಲ್ಲಿ ಒಂದಿಷ್ಟು ಜಾಗ. ಅನುಬಂಧ ಓದುವವರು ಯಾರು!

ಇನ್ನೂ ಕಠಿಣವಾದದ್ದು ಪ್ರೈಮರಿ, ಅಂದರೆ ಪಕ್ಷದೊಳಗೇ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಅದಕ್ಕೆ ಬರುವ ಮತದಾರರು ಕಡಿಮೆ, ಬರುವವರು ಪಟ್ಟು ಹಿಡಿದವರು. ಸಾಮಾನ್ಯ ಚುನಾವಣೆಯಲ್ಲಿ ಓಟು ತರುವ ಮೆದು ನಿಲುವೇ ಇಲ್ಲಿ ಟಿಕೆಟ್ ತಪ್ಪಿಸುತ್ತದೆ. 2023ರಲ್ಲಿ ದಕ್ಷಿಣ ಕೆರೊಲಿನಾದ ಸೆನೆಟ್‌ನಲ್ಲಿ ಸ್ಯಾಂಡಿ ಸೆನ್, ಕತ್ರೀನಾ ಶೀಲಿ, ಪೆನ್ರಿ ಗುಸ್ಟಾಫ್‌ಸನ್ ಎಂಬ ಮೂವರು ರಿಪಬ್ಲಿಕನ್ ಮಹಿಳೆಯರು, ಇನ್ನಿಬ್ಬರು ಸದಸ್ಯೆಯರ ಜತೆ ಸೇರಿ, ಗರ್ಭಪಾತವನ್ನು ಬಹುತೇಕ ಪೂರ್ತಿ ನಿಷೇಧಿಸುವ ಮಸೂದೆಯನ್ನು ಮಾತಾಡಿ ಮಾತಾಡಿಯೇ ತಡೆದರು. ಮೂವರೂ ಪೂರ್ಣ ಹಕ್ಕಿನ ಪರ ಇದ್ದವರೇನಲ್ಲ, ಇಷ್ಟು ಬಿಗಿ ಬೇಡ ಅಂದವರು. 2024ರ ಪ್ರೈಮರಿಯಲ್ಲಿ ಮೂವರೂ ಸೋತರು.

ಹೀಗಿರುವಾಗ ಸಂಘಟನೆಗಳು ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ. ಹಕ್ಕಿನ ಪರವಿರುವ ರಿಪಬ್ಲಿಕನ್ ಮಹಿಳಾ ಅಭ್ಯರ್ಥಿಗಳಿಗೆ ಹಣ ಕೂಡಿಸುತ್ತಿದ್ದ 'ವಿಶ್ ಲಿಸ್ಟ್', 'ರಿಪಬ್ಲಿಕನ್ ಮೆಜಾರಿಟಿ ಫಾರ್ ಚಾಯ್ಸ್' ಜತೆ ವಿಲೀನವಾಯಿತು. ಅದೂ 2018ರಲ್ಲಿ ಬಾಗಿಲು ಹಾಕಿತು.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ 'ಡಾಬ್ಸ್' ತೀರ್ಪು 'ರೋ'ವನ್ನು ಅಳಿಸಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟ ಮೇಲೆ ಹಾದಿ ಬದಲಾಯಿತು: ಕೆಲವು ರಾಜ್ಯಗಳಲ್ಲಿ ಪ್ರಶ್ನೆ ನೇರವಾಗಿ ಮತದಾರರ ಮುಂದೆ ಬಂತು. ಜನಮತಗಣನೆಯ ಮತಪತ್ರದಲ್ಲಿ ಪ್ರಶ್ನೆಯ ಪಕ್ಕ ಪಕ್ಷದ ಹೆಸರಿರುವುದಿಲ್ಲ, ಪ್ರೈಮರಿಯ ಕಾಟವೂ ಇಲ್ಲ. ರಿಪಬ್ಲಿಕನ್ನರ ಭದ್ರಕೋಟೆ ಕಾನ್ಸಾಸ್‌ನಲ್ಲಿ ಅದೇ ಆಗಸ್ಟ್ 2ರಂದು, ರಾಜ್ಯ ಸಂವಿಧಾನದಿಂದ ಈ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಸುಮಾರು ಶೇ. 59 ಮತದಾರರು ತಿರಸ್ಕರಿಸಿದರು. ತಮ್ಮ ಪಕ್ಷದವರಿಗೇ ಓಟು ಹಾಕುತ್ತ ಇದೊಂದರಲ್ಲಿ ಬೇರೆ ನಿಲ್ಲುವವರು ಇಷ್ಟಿದ್ದಾರೆಂದು ಪಕ್ಷದ ಸಭೆಗಳಲ್ಲಿ ಎಂದೂ ಕಂಡಿರಲಿಲ್ಲ. ಆದರೆ ಇಲ್ಲೂ ನಿಯಮದ ತೊಡಕು ತಪ್ಪಿದ್ದಲ್ಲ: ಫ್ಲೋರಿಡಾದಲ್ಲಿ 2024ರಲ್ಲಿ ಹಕ್ಕಿನ ಪರ ಬಿದ್ದ ಮತ ಸುಮಾರು ಶೇ. 57, ಗೆಲ್ಲಲು ಬೇಕಿದ್ದದ್ದು 60.