ಕಾರ್ಖಾನೆಯ ಬೆಂಕಿ, ಮೀಥೇನ್ ಮತ್ತು ಒಂದು ಗೆರೆಯ ಏರಿಳಿತ

ಒಂದು ದೇಶದ ಕಾರ್ಖಾನೆಗಳು ಇಂಧನ ಉರಿಸುವುದರಿಂದ ಎಷ್ಟು ಮೀಥೇನ್ ಗಾಳಿಗೆ ಸೇರುತ್ತಿದೆ ಎಂಬುದನ್ನು ವರ್ಷವಾರು ತೋರಿಸುವ ನಕ್ಷೆಗಳನ್ನು ಓದುವಾಗ, ಗೆರೆ ಮೇಲೇರಿದರೆ ಕೈಗಾರಿಕೆ ಹದಗೆಟ್ಟಿದೆ, ಇಳಿದರೆ ಸುಧಾರಿಸಿದೆ ಎಂದು ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಹಸಿರುಮನೆ ಅನಿಲಗಳ ಬೇರೆ ಕೆಲವು ವಿಭಾಗಗಳಲ್ಲಿ ಈ ಓದು ಸರಿಯಿರಬಹುದು. ಈ ವಿಭಾಗದಲ್ಲಿ ಮಾತ್ರ ಅದು ಹಲವು ಬಾರಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಕಾರಣ ಆ ಗೆರೆಯನ್ನು ಎಳೆಯುವ ಕ್ರಮದಲ್ಲಿಯೇ ಇದೆ.

ಇಂಧನದಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ ಎಂಬುದನ್ನು ಆ ಇಂಧನದಲ್ಲಿರುವ ಇಂಗಾಲವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಮೀಥೇನ್ ಹಾಗಲ್ಲ, ಅದು ಉರಿ ಅಪೂರ್ಣವಾದದ್ದರ ಫಲ. ಹಸಿ ಸೌದೆಯನ್ನು ಬಾಯ್ಲರಿಗೆ ತುಂಬಿದಾಗ ಅದರಲ್ಲಿರುವ ನೀರನ್ನು ಆವಿ ಮಾಡುವುದರಲ್ಲೇ ಒಂದಷ್ಟು ಶಾಖ ವ್ಯಯವಾಗಿ, ಒಲೆಯ ಒಳಗಿನ ಉಷ್ಣಾಂಶ ತಗ್ಗಿ, ಕಟ್ಟಿಗೆಯಿಂದ ಬಿಡುಗಡೆಯಾದ ಅನಿಲಗಳು ಪೂರ್ತಿ ಉರಿಯುವ ಮೊದಲೇ ಚಿಮಣಿಯ ದಾರಿ ಹಿಡಿಯುತ್ತವೆ. ಗಾಳಿ ಸರಿಯಾಗಿ ಬೆರೆಯದಿದ್ದರೂ, ಬಾಯ್ಲರನ್ನು ಪದೇಪದೇ ನಿಲ್ಲಿಸಿ ಹೊತ್ತಿಸುತ್ತಿದ್ದರೂ ಆಗುವುದು ಇದೇ. ಹಾಗಾಗಿ ಒಂದೇ ಇಂಧನವನ್ನು ಉರಿಸುವ ಎರಡು ಕಾರ್ಖಾನೆಗಳ ಮೀಥೇನ್ ಪ್ರಮಾಣದಲ್ಲಿ ಹಲವು ಪಟ್ಟು ವ್ಯತ್ಯಾಸವಿರಬಹುದು.

ಆದರೆ ಚಿಮಣಿಗಳಲ್ಲಿ ಇದನ್ನು ಅಳೆಯುವವರು ವಿರಳ. ಹೆಚ್ಚಿನ ದೇಶಗಳು ಕೈಗಾರಿಕೆಗಳು ಬಳಸಿದ ಇಂಧನದ ಶಕ್ತಿಯನ್ನು ಟೆರಾಜೂಲ್‌ಗಳಲ್ಲಿ (ಒಂದು ಟೆರಾಜೂಲ್ ಎಂದರೆ ಒಂದು ಲಕ್ಷ ಕೋಟಿ ಜೂಲ್) ಲೆಕ್ಕಹಾಕಿ, ಅದನ್ನು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಕೊಟ್ಟಿರುವ ಸಿದ್ಧ ಗುಣಾಂಕದಿಂದ ಗುಣಿಸುತ್ತವೆ. ತಯಾರಿಕಾ ಕೈಗಾರಿಕೆಗಳಿಗೆ ಆ ಗುಣಾಂಕಗಳು ಹೀಗಿವೆ: ಒಂದು ಟೆರಾಜೂಲ್‌ಗೆ ನೈಸರ್ಗಿಕ ಅನಿಲವಾದರೆ 1 ಕಿಲೋಗ್ರಾಂ ಮೀಥೇನ್, ಡೀಸೆಲ್ ಮತ್ತು ಫರ್ನೇಸ್ ಆಯಿಲ್ ಆದರೆ 3, ಕಲ್ಲಿದ್ದಲಾದರೆ 10, ಸೌದೆಯಾದರೆ 30, ಇದ್ದಿಲಾದರೆ 200. ಸೌದೆಯ 30 ಎಂಬ ಸಂಖ್ಯೆಯ ಬೆನ್ನಿಗೆ 10ರಿಂದ 100ರವರೆಗಿನ ವ್ಯಾಪ್ತಿಯನ್ನೂ ಮಾರ್ಗಸೂಚಿ ಕೊಟ್ಟಿದೆಯಾದರೂ ನಕ್ಷೆಗೆ ಇಳಿಯುವುದು ನಡುವಿನ ಆ ಒಂದು ಸಂಖ್ಯೆ ಮಾತ್ರ. ಗುಣಾಂಕ ವರ್ಷದಿಂದ ವರ್ಷಕ್ಕೆ ಬದಲಾಗದಿದ್ದರೆ, ಗೆರೆಯನ್ನು ಅಲುಗಾಡಿಸುವುದು ಎಷ್ಟು ಇಂಧನ ಉರಿಯಿತು ಮತ್ತು ಯಾವ ಇಂಧನ ಉರಿಯಿತು ಎಂಬ ಎರಡೇ ಸಂಗತಿಗಳು. ಒಂದು ಕಾರ್ಖಾನೆ ಸೌದೆಯನ್ನು ಚೆನ್ನಾಗಿ ಒಣಗಿಸಿ, ಗಾಳಿಯ ಪೂರೈಕೆಯನ್ನು ಸರಿಪಡಿಸಿ ಮೀಥೇನನ್ನು ಅರ್ಧಕ್ಕೆ ಇಳಿಸಿದರೂ, ಉಳಿತಾಯವಾದ ಸೌದೆಯಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸುಧಾರಿಸಿದ ಉರಿಗೆ ಅಲ್ಲಿ ಜಾಗವೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇಂಧನ ಬದಲಾವಣೆ ಏನು ಮಾಡುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಒಂದು ಕೈಗಾರಿಕಾ ವಲಯ ವರ್ಷಕ್ಕೆ 1,000 ಟೆರಾಜೂಲ್ ಶಕ್ತಿಯನ್ನು ಕಲ್ಲಿದ್ದಲಿನಿಂದ ಪಡೆಯುತ್ತಿದೆ ಎಂದುಕೊಳ್ಳೋಣ. ಆಗ ಮೀಥೇನ್ 10 ಟನ್. ಅಷ್ಟೇ ಶಕ್ತಿಯನ್ನು ನೈಸರ್ಗಿಕ ಅನಿಲದಿಂದ ಪಡೆದರೆ 1 ಟನ್, ಸೌದೆಯಿಂದ ಪಡೆದರೆ 30 ಟನ್. ಅಂದರೆ ಕಲ್ಲಿದ್ದಲನ್ನು ಬಿಟ್ಟು ಸೌದೆಗೆ ಹೊರಳಿದ ದೇಶದ ಮೀಥೇನ್ ಗೆರೆ ಮೂರು ಪಟ್ಟು ಮೇಲೇರುತ್ತದೆ. ಹೆಚ್ಚಾದ 20 ಟನ್ ಮೀಥೇನನ್ನು ಈಗ ಬಳಕೆಯಲ್ಲಿರುವ 28ರ ತೂಕದಿಂದ (ನೂರು ವರ್ಷಗಳಲ್ಲಿ ಒಂದು ಟನ್ ಮೀಥೇನ್ ಎಷ್ಟು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ಸಂಖ್ಯೆ) ಗುಣಿಸಿದರೆ 560 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅತ್ತ ಬಿಟ್ಟುಬಿಟ್ಟ ಕಲ್ಲಿದ್ದಲಿನಿಂದ ಬರುತ್ತಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 94,600 ಟನ್. ಸೌದೆಯೂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಆದರೆ ಅದು ದೇಶದ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಇಂಧನ ಉರಿಸುವುದನ್ನು ದಾಖಲಿಸುವ ಶಕ್ತಿ ವಿಭಾಗದ ಮೊತ್ತಕ್ಕೆ ಸೇರುವುದಿಲ್ಲ, ಭೂಬಳಕೆ ಮತ್ತು ಅರಣ್ಯದ ಲೆಕ್ಕದಲ್ಲಿ ಬರಬೇಕು. ಕಡಿದ ಮರದ ಜಾಗದಲ್ಲಿ ಮತ್ತೆ ಮರ ಬೆಳೆಯದಿದ್ದರೆ ಈ ಇಡೀ ಲಾಭದ ಮಾತೇ ಕುಸಿದು ಬೀಳುತ್ತದೆ. ಮೀಥೇನ್ ಮಾತ್ರ ಸೌದೆಯಿಂದ ಬಂದರೂ ಶಕ್ತಿ ವಿಭಾಗದಲ್ಲೇ ದಾಖಲಾಗುತ್ತದೆ. ಹೀಗಾಗಿ ಏರುತ್ತಿರುವ ಮೀಥೇನ್ ಗೆರೆಯನ್ನು ಒಂಟಿಯಾಗಿ ಹಿಡಿದು ಯಾವ ದೇಶವನ್ನೂ ದೂರುವುದು ನ್ಯಾಯವಲ್ಲ.

ಇಳಿಯುವ ಗೆರೆಯ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಆತಂಕವಿದೆ. ಕಲ್ಲಿದ್ದಲಿನಿಂದ ಅನಿಲಕ್ಕೆ ಬಂದ ಕೂಡಲೇ ಲೆಕ್ಕದಲ್ಲಿ ಮೀಥೇನ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ನೈಸರ್ಗಿಕ ಅನಿಲ ಎಂದರೆ ಬಹುಪಾಲು ಮೀಥೇನೇ. ಒಂದು ಟೆರಾಜೂಲ್ ಶಕ್ತಿ ಕೊಡುವ ಅನಿಲದ ತೂಕ ಹೆಚ್ಚುಕಡಿಮೆ 21 ಟನ್. ಒಳ್ಳೆಯ ಬಾಯ್ಲರಿನಲ್ಲಿ ಅದು ಪೂರ್ತಿ ಉರಿಯುವುದರಿಂದ 1 ಕಿಲೋಗ್ರಾಂ ಎಂಬ ಗುಣಾಂಕ ಅಲ್ಲಿಗೆ ಒಪ್ಪುತ್ತದೆ. ಕಾರ್ಖಾನೆಯೊಳಗೇ ವಿದ್ಯುತ್ ತಯಾರಿಸುವ ಗ್ಯಾಸ್ ಎಂಜಿನ್‌ಗಳ ಕಥೆ ಬೇರೆ: ಅವುಗಳ ಸಿಲಿಂಡರಿನಲ್ಲಿ ಸ್ವಲ್ಪ ಅನಿಲ ಉರಿಯದೆ ಹಾಗೆಯೇ ಹೊರಟುಹೋಗುತ್ತದೆ. ನೂರಕ್ಕೆ ಒಂದು ಪಾಲು ಹೀಗೆ ಜಾರಿದರೂ ಟೆರಾಜೂಲ್‌ಗೆ 200 ಕಿಲೋಗ್ರಾಮಿನಷ್ಟಾಯಿತು! ಬಾಯ್ಲರಿಗೂ ಎಂಜಿನ್ನಿಗೂ ಒಂದೇ ಗುಣಾಂಕ ಹಚ್ಚಿದರೆ ಆ ಮೀಥೇನ್ ಎಲ್ಲೂ ಕಾಣಿಸುವುದಿಲ್ಲ. ಗಣಿಯಲ್ಲಿ, ಕೊಳವೆ ಮಾರ್ಗದಲ್ಲಿ ಸೋರಿಹೋಗುವುದು ಬೇರೆಯದೇ ವಿಭಾಗದ ಲೆಕ್ಕ, ಮತ್ತು ಪ್ರಮಾಣದಲ್ಲಿ ಅದು ಉರಿಯಿಂದ ಬರುವ ಮೀಥೇನಿಗಿಂತ ಸಾಮಾನ್ಯವಾಗಿ ಬಹಳ ದೊಡ್ಡದು.

ಕಾಗದದ ಮೇಲಿನ ಬದಲಾವಣೆಗಳೂ ಗೆರೆಯನ್ನು ಕದಲಿಸುತ್ತವೆ. ಮೀಥೇನಿನ ನೂರು ವರ್ಷಗಳ ತೂಕವನ್ನು ಮೊದಲು 21 ಎಂದು, ನಂತರ 25 ಎಂದು ಹಿಡಿಯುತ್ತಿದ್ದರು. ಪ್ಯಾರಿಸ್ ಒಪ್ಪಂದದ ವರದಿಗಳಿಗೆ ಈಗ 28. ಹಳೆಯ ವರದಿಯ ಅಂಕಿಗಳನ್ನು ಹೊಸ ವರದಿಯ ಪಕ್ಕಕ್ಕೆ ತಂದಿಟ್ಟವರಿಗೆ, ಒಂದು ಗ್ರಾಂ ಹೆಚ್ಚು ಮೀಥೇನ್ ಹುಟ್ಟದಿದ್ದರೂ, ಮೂರನೇ ಒಂದರಷ್ಟು ಏರಿಕೆ ಕಾಣಿಸಬಹುದು. ಟನ್ನುಗಳಲ್ಲಿ ಕೊಟ್ಟ ಅಂಕಿಗಳನ್ನೇ ಹೋಲಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ನಕ್ಷೆಯನ್ನು ಪ್ರಕಟಿಸುವವರು ಒಟ್ಟು ಗೆರೆಯ ಜೊತೆಗೆ ಕಲ್ಲಿದ್ದಲು, ಅನಿಲ, ತೈಲ, ಸೌದೆ ಇವುಗಳ ಪಾಲನ್ನು ಬೇರೆಬೇರೆಯಾಗಿ ತೋರಿಸಿದರೆ ಓದುಗರ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ. ಅಳತೆಗೆ ಮೀಸಲಿಡಲು ಹಣ ಸ್ವಲ್ಪವೇ ಇದ್ದರೆ, ಅದನ್ನು ಎಲ್ಲ ಚಿಮಣಿಗಳಿಗೂ ಹಂಚುವ ಬದಲು ಗ್ಯಾಸ್ ಎಂಜಿನ್‌ಗಳಿಗೆ ಮತ್ತು ಸೌದೆ ಉರಿಸುವ ಹಳೆಯ ಬಾಯ್ಲರುಗಳಿಗೆ ಮೊದಲು ಕೊಡಬೇಕು, ಏಕೆಂದರೆ ಸಿದ್ಧ ಗುಣಾಂಕಕ್ಕೂ ವಾಸ್ತವಕ್ಕೂ ಅತಿ ಹೆಚ್ಚು ಅಂತರವಿರುವ ಸಾಧ್ಯತೆ ಇರುವುದು ಅಲ್ಲಿಯೇ.